ಕಲ್ಲಿನ ಕಿರಣವೂ ನೆತ್ತರಿನ ಕಣವೂ

ನೆಲಮಂಗಲದಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮಾರ್ಗವಾಗಿ ಹೊಸಕೋಟೆಯವರೆಗೆ ಪಯಣಿಸುವವರು, ಹೊಲದ ನಡುವೆಯೂ ಕೆರೆಯ ಏರಿಯ ಬದಿಯಲ್ಲೂ ಊರಗುಡಿಯ ಬೆನ್ನಿಗೂ ತಲೆಯೆತ್ತಿ ನಿಂತಿರುವ ಬೂದುಬಣ್ಣದ ಬಂಡೆಗಳನ್ನು ಕಾಣದೆ ಹೋಗಲಾರರು. ಈ ಸೀಮೆಯ ಬಾಳೆಲ್ಲ ಆ ಬಂಡೆಯನ್ನೇ ನೆಚ್ಚಿಕೊಂಡಿದೆ: ಹಳೆಯ ಮನೆಗಳ ತಳಪಾಯವೂ ಚಪ್ಪಡಿಯ ಮಾಡೂ, ದ್ರಾಕ್ಷಿತೋಟದ ಕಲ್ಲುಕಂಬಗಳೂ, ಈಗೀಗ ಕ್ರಷರುಗಳಿಂದ ಲಾರಿಗಳಲ್ಲಿ ತುಂಬಿ ರಾಜಧಾನಿಯ ಬಹುಮಹಡಿ ಕಟ್ಟಡಗಳನ್ನು ಸೇರುವ ಜಲ್ಲಿಯೂ ಅದರಿಂದಲೇ ಬಂದವು. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯವರು, ಅದರಲ್ಲಿಯೂ ಡಬ್ಲ್ಯು. ಎಫ್. ಸ್ಮೀತ್ ಎಂಬ ವಿದ್ವಾಂಸರು, ಈ ನಾಡಿನ ಶಿಲೆಗಳನ್ನು ವಿಂಗಡಿಸಿ, ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವಾದ ಇಲ್ಲಿನ ತಳಶಿಲೆಯನ್ನು ಪೆನಿನ್ಸುಲಾರ್ ನೈಸ್ ಎಂದೂ, ಪಶ್ಚಿಮದಲ್ಲಿ ರಾಮನಗರ ಮಾಗಡಿಗಳ ದಿಕ್ಕಿನಲ್ಲಿ ಉದ್ದಕ್ಕೆ ಹಬ್ಬಿರುವ, ವಯಸ್ಸಿನಲ್ಲಿ ಕಿರಿದಾದ ಕೆಂಗಲ್ಲಿನ ಪಟ್ಟಿಯನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದೂ ಕರೆದರು. ಈ ಎರಡು ಶಿಲೆಗಳಲ್ಲಿಯೂ ಯುರೇನಿಯಂ, ಥೋರಿಯಂ ಹಾಗೂ ವಿಕಿರಣಶೀಲವಾದ ಪೊಟ್ಯಾಸಿಯಂ ಅಲ್ಪಾಂಶದಲ್ಲಿ ಬೆರೆತಿವೆ. ಅಂದರೆ, ಪರಮಾಣು ಸ್ಥಾವರವಾಗಲಿ ಬಾಂಬಾಗಲಿ ಹತ್ತಿರದಲ್ಲಿ ಎಲ್ಲಿಯೂ ಇಲ್ಲದ ಈ ನಾಲ್ಕು ತಾಲ್ಲೂಕುಗಳಲ್ಲಿ, ಮನುಷ್ಯನು ಮನೆ ಕಟ್ಟುವುದಕ್ಕೆ ಎಷ್ಟೋ ಮೊದಲಿನಿಂದಲೂ, ಮಂದವಾದ ಒಂದು ವಿಕಿರಣವು ನೆಲದಿಂದ ಹೊಮ್ಮುತ್ತಲೇ ಬಂದಿದೆ.

ಮೇಲಿನಿಂದಲೂ ಅಷ್ಟಿಷ್ಟು ಸುರಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದ ಈ ಪ್ರಸ್ಥಭೂಮಿಗೆ ಬೀಳುವ ವಿಶ್ವಕಿರಣಗಳ ಪಾಲು ಕರಾವಳಿಗಿಂತ ತುಸು ಹೆಚ್ಚು. 2008ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರು ಎತ್ತರಕ್ಕೇರಿದವರಿಗಾದರೆ ಗಂಟೆಯೊಂದಕ್ಕೆ ಕೆಲವು ಮೈಕ್ರೋಸೀವರ್ಟಿನಷ್ಟು ಬೀಳುವುದುಂಟು. ಭೂಮಧ್ಯರೇಖೆಯ ಸಮೀಪದಲ್ಲಿ ಭೂಮಿಯ ಕಾಂತಕ್ಷೇತ್ರವು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆಯಾಗಿ ಧ್ರುವದ ದಿಕ್ಕಿನಲ್ಲಿ ಹಾರುವವರಿಗಿಂತ ನಮ್ಮವರಿಗೆ ತಗಲುವುದು ಕಡಿಮೆ. ಈ ಅಂತರವನ್ನೇ ಅಳೆಯಬೇಕೆಂದು ರಾಬರ್ಟ್ ಮಿಲಿಕನ್ನರು ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ಅಮೆರಿಕದಿಂದ ಬೆಂಗಳೂರಿಗೆ ಬಂದು ಉಪಕರಣ ಹೊತ್ತ ಬಲೂನುಗಳನ್ನು ಹಾರಿಸಿದರು. ಅದೇ ದಿನಗಳಲ್ಲಿ ಇಲ್ಲಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರೂ ವಿಶ್ವಕಿರಣಗಳ ಅನ್ವೇಷಣೆಯಲ್ಲಿ ತೊಡಗಿದ್ದರು. ಹೀಗೆ ಕೆಳಗಿನಿಂದ ಬರುವುದು, ಮೇಲಿನಿಂದ ಬರುವುದು, ಉಸಿರಿನಲ್ಲಿ ಹೋಗುವುದು, ಅನ್ನನೀರಿನಲ್ಲಿ ಸೇರುವುದು ಎಲ್ಲವನ್ನೂ ಕೂಡಿಸಿ, ಲೋಕದ ಸಾಮಾನ್ಯ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪ್ರಾಕೃತಿಕ ವಿಕಿರಣ ತಗಲುವುದೆಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯು ಲೆಕ್ಕ ಹಾಕಿದೆ. ಅದರಲ್ಲಿ ಅರ್ಧದಷ್ಟು ರೇಡಾನ್ ಎಂಬ ಒಂದೇ ಅನಿಲದ ಪಾಲು.

ವಿಕಿರಣವೆಂದೊಡನೆ ಜನರ ಮನಸ್ಸಿಗೆ ಬರುವುದು ಕ್ಯಾನ್ಸರ್. ಅದು ಸಹಜವೇ. ಆದರೆ ರೋಗಾಣುಗಳೊಡನೆ ಹಗಲಿರುಳೂ ಸೆಣಸುವ, ಕೆಟ್ಟುಹೋದ ಸ್ವಂತ ಜೀವಕೋಶಗಳನ್ನೂ ಹುಡುಕಿ ಕೊಲ್ಲುವ ನಮ್ಮ ರೋಗನಿರೋಧಕ ವ್ಯವಸ್ಥೆಯ ಮೇಲೆ ಈ ಅಲ್ಪ ವಿಕಿರಣವು ಯಾವ ಪರಿಣಾಮವನ್ನುಂಟುಮಾಡುವುದು ಎಂಬ ಪ್ರಶ್ನೆಯು ಕಡಿಮೆ ಕೇಳಿಬಂದರೂ ಹೆಚ್ಚು ಕುತೂಹಲದ್ದು; ಏಕೆಂದರೆ ಇದಕ್ಕೆ ದೊರೆತಿರುವ ಉತ್ತರಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಅಲ್ಪ ಎಂದರೆ ಎಷ್ಟು ಎಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳಬೇಕು. ಶಾಸ್ತ್ರಜ್ಞರು ನೂರು ಮಿಲಿಗ್ರೇಗಿಂತ ಕೆಳಗಿನದನ್ನು ಅಲ್ಪಮಾತ್ರೆ ಎನ್ನುತ್ತಾರೆ. ಎಕ್ಸ್-ರೇ, ಗಾಮಾ ಕಿರಣಗಳ ಮಟ್ಟಿಗೆ ಒಂದು ಮಿಲಿಗ್ರೇಯೂ ಒಂದು ಮಿಲಿಸೀವರ್ಟೂ ಒಂದೇ ಎಂದು ಹಿಡಿಯಬಹುದು. ಎದೆಯ ಎಕ್ಸ್-ರೇ ಒಂದಕ್ಕೆ ಮಿಲಿಸೀವರ್ಟಿನ ನೂರನೆಯ ಕೆಲವು ಭಾಗಗಳು, ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಹತ್ತರ ಆಸುಪಾಸು. ವಿಕಿರಣವನ್ನು ಅಳೆಯುವ ಟಿ.ಎಲ್.ಡಿ. ಬ್ಯಾಡ್ಜನ್ನು ಎದೆಯ ಮೇಲೆ ಧರಿಸಿ ಆಸ್ಪತ್ರೆಯ ಎಕ್ಸ್-ರೇ ಕೊಠಡಿಯಲ್ಲಿ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ಇಪ್ಪತ್ತನ್ನು ಮೀರಬಾರದೆಂಬ ನಿಯಮ. ಇವೆಲ್ಲವೂ ಅಲ್ಪಮಾತ್ರೆಯ ಎಲ್ಲೆಯೊಳಗೇ ಇವೆ.

ಈ ಪ್ರಶ್ನೆಯ ಚರಿತ್ರೆ ವಿಕಿರಣದ ಚರಿತ್ರೆಯಷ್ಟೇ ಹಳೆಯದು. ಎಕ್ಸ್-ಕಿರಣಗಳು ಬೆಳಕಿಗೆ ಬಂದು ಎಂಟು ವರ್ಷ ಕಳೆಯುವಷ್ಟರಲ್ಲಿ, 1903ರಲ್ಲಿ, ಹೈನೆಕೆ ಎಂಬ ಜರ್ಮನ್ ವೈದ್ಯರು ಇಲಿಗಳ ಮೇಲೆ ಆ ಕಿರಣಗಳನ್ನು ಹಾಯಿಸಿ ನೋಡಿದಾಗ, ಚರ್ಮದಲ್ಲಿ ಯಾವ ಗಾಯವೂ ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ಗುಲ್ಮದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಇರುವ ಲಿಂಫೋಸೈಟುಗಳೆಂಬ ಬಿಳಿಕಣಗಳು ರಾಶಿರಾಶಿಯಾಗಿ ಸತ್ತಿದ್ದುದು ಕಂಡುಬಂದಿತು. ರೋಗನಿರೋಧಕ ವ್ಯವಸ್ಥೆಯ ಮುಖ್ಯ ಕಣಗಳೇ ವಿಕಿರಣಕ್ಕೆ ಮೊದಲ ಆಹುತಿಯೆಂಬುದು ಅಂದಿನಿಂದ ಸ್ಥಿರಪಟ್ಟಿತು. ಮುಂದೆ 1950ರ ದಶಕದ ಕೊನೆಗೆ ಬಾಸ್ಟನ್ ಮತ್ತು ಪ್ಯಾರಿಸ್ ನಗರಗಳ ಶಸ್ತ್ರವೈದ್ಯರು ಅನ್ಯರ ಮೂತ್ರಪಿಂಡವನ್ನು ರೋಗಿಯ ಶರೀರವು ತಿರಸ್ಕರಿಸದಿರಲೆಂದು ಇಡೀ ದೇಹಕ್ಕೆ ವಿಕಿರಣ ಕೊಟ್ಟು, ಅವನ ನಿರೋಧಶಕ್ತಿಯನ್ನು ಉದ್ದೇಶಪೂರ್ವಕವಾಗಿಯೇ ಕುಗ್ಗಿಸಿದರು. ಆದರೆ ಹೈನೆಕೆಯವರ ಬೆನ್ನಿಗೇ, 1910ರ ದಶಕದಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜೇಮ್ಸ್ ಮರ್ಫಿಯವರು ಇಲಿಗಳಿಗೆ ಅತ್ಯಲ್ಪ ಪ್ರಮಾಣದ ಎಕ್ಸ್-ಕಿರಣವನ್ನು ಕೊಟ್ಟು ಕಂಡದ್ದು ಇದಕ್ಕೆ ವಿರುದ್ಧವಾಗಿತ್ತು: ಲಿಂಫೋಸೈಟುಗಳು ಕುಗ್ಗುವುದಕ್ಕೆ ಬದಲಾಗಿ ಹೆಚ್ಚಿದವು. ಈಗ ನೂರು ವರ್ಷ ಕಳೆದರೂ ಹೈನೆಕೆ ಹಿಡಿದ ಪಕ್ಷವೂ ಮರ್ಫಿ ಹಿಡಿದ ಪಕ್ಷವೂ ಪರಸ್ಪರ ಸೋಲೊಪ್ಪಿಲ್ಲ. ನನ್ನ ಅಭಿಪ್ರಾಯದಲ್ಲಿ ಒಪ್ಪಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಇಬ್ಬರೂ ಕಂಡದ್ದು ನಿಜವೇ, ಕಂಡ ಮಾತ್ರೆಗಳು ಮಾತ್ರ ಬೇರೆ.

ಜೀವಕೋಶದೊಳಗೆ ಇಳಿದು ನೋಡಿದರೆ ಇದು ಸ್ವಲ್ಪ ತಿಳಿಯಾಗುತ್ತದೆ. ಒಂದು ಮಿಲಿಗ್ರೇ ಗಾಮಾ ವಿಕಿರಣವೆಂದರೆ, ಸ್ಥೂಲವಾಗಿ, ಒಂದೊಂದು ಕೋಶದ ಕೇಂದ್ರವನ್ನೂ ಸರಾಸರಿ ಒಂದೇ ಒಂದು ಎಲೆಕ್ಟ್ರಾನು ಸೀಳಿಕೊಂಡು ಹೋದಂತೆ. ಆದುದರಿಂದ ಬಂಡೆಯಿಂದಲೂ ಆಕಾಶದಿಂದಲೂ ವರ್ಷವಿಡೀ ನಮಗೆ ಬರುವ ಕಿರಣಗಳು ಪ್ರತಿಯೊಂದು ಕೋಶಕ್ಕೂ ವರ್ಷದಲ್ಲಿ ಒಮ್ಮೆ ತಟ್ಟುತ್ತವೆ, ಅಷ್ಟೆ. ಹೀಗೆ ತಟ್ಟಿದಾಗ ಕೋಶದ ಡಿ.ಎನ್.ಎ. ತಂತುವಿಗೆ ಗಾಸಿಯಾಗಬಹುದು. ದೊಡ್ಡಬಳ್ಳಾಪುರದ ರೇಷ್ಮೆಮಗ್ಗದ ಮುಂದೆ ನಿಂತು ನೋಡಿದವರು ಬಲ್ಲರು, ಹಾಸಿನಲ್ಲಿ ಒಂದು ಎಳೆ ಕಡಿದರೆ ನೇಯುವವನು ಕ್ಷಣಕಾಲ ಮಗ್ಗ ನಿಲ್ಲಿಸಿ ಗಂಟು ಹಾಕಿ ಮುಂದುವರಿಯುತ್ತಾನೆ, ಡಿ.ಎನ್.ಎ.ಯ ಜೋಡಿ ಎಳೆಗಳಲ್ಲಿ ಒಂದು ಮಾತ್ರ ಕಡಿದರೆ ಇನ್ನೊಂದನ್ನೇ ಮಾದರಿಯಾಗಿ ಹಿಡಿದು ಕೋಶವೂ ಹಾಗೆಯೇ ಬೆಸೆದುಕೊಳ್ಳುತ್ತದೆ. ಎರಡೂ ಎಳೆಗಳು ಒಂದೇ ಕಡೆ ಕಡಿದಾಗ ಮಾತ್ರ ಗಂಟು ತಪ್ಪುವ ಭಯ. ಇಂಥ ಜೋಡಿಕಡಿತ ಒಂದು ಗ್ರೇ ವಿಕಿರಣಕ್ಕೆ ಕೋಶವೊಂದರಲ್ಲಿ ನಾಲ್ವತ್ತರಷ್ಟು. ಒಂದು ಮಿಲಿಗ್ರೇಗಾದರೆ ಇಪ್ಪತ್ತೈದು ಕೋಶಗಳಲ್ಲಿ ಒಂದಕ್ಕೆ.

ಬೇರೆ ಅಂಗಗಳ ಕೋಶಗಳು ಇಂಥ ಕಡಿತವನ್ನು ಬೆಸೆಯಲು ಪ್ರಯತ್ನಪಡುತ್ತವೆ. ಲಿಂಫೋಸೈಟು ಅನೇಕ ವೇಳೆ ಆ ಶ್ರಮವನ್ನೇ ತೆಗೆದುಕೊಳ್ಳದೆ, ಪಿ53 ಎಂಬ ಪ್ರೋಟೀನಿನ ಅಪ್ಪಣೆಗೆ ತಲೆಬಾಗಿ, ತಾನೇ ತನ್ನನ್ನು ಕೊನೆಗಾಣಿಸಿಕೊಳ್ಳುತ್ತದೆ. 1906ರಲ್ಲಿ ಫ್ರಾನ್ಸಿನ ಬೆರ್ಗೋನಿಯೆ ಮತ್ತು ತ್ರಿಬೊಂದೋ ಎಂಬಿಬ್ಬರು, ವೇಗವಾಗಿ ವಿಭಜನೆ ಹೊಂದುವ ಕೋಶಗಳೇ ವಿಕಿರಣಕ್ಕೆ ಬೇಗ ತುತ್ತಾಗುವವೆಂದು ನಿಯಮ ಮಾಡಿದ್ದರು. ವಿಭಜನೆಯ ಗೋಜಿಗೇ ಹೋಗದೆ ರಕ್ತದಲ್ಲಿ ವರ್ಷಗಟ್ಟಲೆ ಸುಮ್ಮನೆ ಸುತ್ತುವ ಲಿಂಫೋಸೈಟು ಅವರ ನಿಯಮಕ್ಕೆ ಎದ್ದುಕಾಣುವ ಅಪವಾದ. ಹಾನಿಗೊಂಡ ಲಿಂಫೋಸೈಟು ಬದುಕಿ ಲಕ್ಷೋಪಲಕ್ಷವಾಗಿ ವೃದ್ಧಿಯಾದರೆ ಅದೇ ರಕ್ತದ ಕ್ಯಾನ್ಸರಿಗೆ ಬೀಜವಾಗಬಹುದಾದ್ದರಿಂದ, ಶರೀರವು ಅದನ್ನು ಉಳಿಸಿಕೊಳ್ಳುವುದಕ್ಕಿಂತ ಕಳೆದುಕೊಳ್ಳುವುದೇ ಲೇಸೆಂದು ಬಗೆದಂತಿದೆ. ಎಲ್ಲ ಬಿಳಿಕಣಗಳೂ ಒಂದೇ ಪರಿಯಲ್ಲ ಎಂಬುದನ್ನು ಮರೆಯಲಾಗದು. ಪ್ರತಿಕಾಯಗಳನ್ನು ತಯಾರಿಸುವ ವಂಶಕ್ಕೆ ಸೇರಿದ ಬಿ ಕಣಗಳು ಬಹು ಸುಕುಮಾರ. ಟಿ ಕಣಗಳಲ್ಲಿ ಕೆಲವು ಬಗೆಯವು ತಕ್ಕಮಟ್ಟಿಗೆ ಗಟ್ಟಿ. ಕಸವನ್ನೂ ಕ್ರಿಮಿಯನ್ನೂ ನುಂಗುವ ಮ್ಯಾಕ್ರೋಫೇಜುಗಳಿಗಂತೂ ಸಣ್ಣಪುಟ್ಟ ಕಿರಣದ ಪರಿವೆಯೇ ಇಲ್ಲ. ಆದುದರಿಂದ ವಿಕಿರಣವು ನಿರೋಧಶಕ್ತಿಯನ್ನು ಸಮನಾಗಿ ಇಳಿಸುವುದಿಲ್ಲ. ಅದರ ಅಂಗಾಂಗಗಳ ಪರಸ್ಪರ ಪ್ರಮಾಣವನ್ನು ಪಲ್ಲಟಗೊಳಿಸುತ್ತದೆ. ತಡೆಯುವ ಕಣ ಹೆಚ್ಚು ಸತ್ತರೆ ಉಳಿದವು ಚುರುಕಾಗುವುದೂ, ಹೋರಾಡುವ ಕಣ ಹೆಚ್ಚು ಸತ್ತರೆ ಒಟ್ಟು ವ್ಯವಸ್ಥೆ ಮಂಕಾಗುವುದೂ ಹೀಗೆ ಸಾಧ್ಯವಾಗುತ್ತವೆ.

ಅಲ್ಪಮಾತ್ರೆಯು ಮಹಾಮಾತ್ರೆಯ ಚಿಕ್ಕ ಪಡಿಯಚ್ಚಲ್ಲವೆಂಬುದಕ್ಕೆ ಪ್ರಯೋಗಶಾಲೆಯ ಎರಡು ಸಾಕ್ಷ್ಯಗಳನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. 1984ರಲ್ಲಿ ಓಲಿವಿಯೇರಿ, ಬಾಡಿಕೋಟ್, ವುಲ್ಫ್ ಎಂಬ ಮೂವರು, ಮನುಷ್ಯರಿಂದ ತೆಗೆದ ಲಿಂಫೋಸೈಟುಗಳಿಗೆ ಮೊದಲು ಟ್ರಿಟಿಯಂ ಬೆರೆಸಿದ ದ್ರವ್ಯದಿಂದ ಅತ್ಯಲ್ಪ ವಿಕಿರಣವನ್ನು ಉಣಿಸಿ, ಆಮೇಲೆ ದೊಡ್ಡ ಪ್ರಮಾಣದ ಎಕ್ಸ್-ಕಿರಣವನ್ನು ಕೊಟ್ಟರು. ಮುಂಚಿತವಾಗಿ ಏನೂ ತಗಲದೆ ನೇರವಾಗಿ ದೊಡ್ಡ ಏಟು ತಿಂದ ಕಣಗಳಲ್ಲಿ ಕಂಡುಬಂದುದಕ್ಕಿಂತ ಕಡಿಮೆ ವರ್ಣತಂತುದೋಷ ಇವುಗಳಲ್ಲಿ ಕಂಡಿತು. ಕಿರುಪೆಟ್ಟು ದುರಸ್ತಿಯ ಯಂತ್ರವನ್ನು ಎಚ್ಚರಿಸಿತ್ತೆಂದು ಅದಕ್ಕೆ ವ್ಯಾಖ್ಯಾನ. ಇದರಿಂದ ಹಿಗ್ಗಿದವರ ಉತ್ಸಾಹವನ್ನು ತಗ್ಗಿಸಲೋ ಎಂಬಂತೆ, 1992ರಲ್ಲಿ ನಾಗಸಾವಾ ಮತ್ತು ಲಿಟಲ್ ಎಂಬವರು, ರೇಡಾನಿನಿಂದ ಹೊರಡುವಂಥವೇ ಆದ ಆಲ್ಫಾ ಕಣಗಳನ್ನು ಕೋಶಗಳ ಮೇಲೆ ಪ್ರಯೋಗಿಸಿದಾಗ, ನೂರರಲ್ಲಿ ಒಂದಕ್ಕಿಂತ ಕಡಿಮೆ ಕೋಶಕೇಂದ್ರಗಳಿಗೆ ಏಟು ತಗಲಿದ್ದರೂ ಮೂವತ್ತರಷ್ಟು ಕೋಶಗಳಲ್ಲಿ ವ್ಯತ್ಯಾಸ ಉಂಟಾಯಿತು: ಏಟು ತಿಂದ ಕೋಶ ಬಗಲಿನವುಗಳಿಗೂ ರಾಸಾಯನಿಕ ಸಂದೇಶದ ಮೂಲಕ ತನ್ನ ಸಂಕಟವನ್ನು ಹಂಚಿತ್ತು. ಒಂದು ಪ್ರಯೋಗದಲ್ಲಿ ಅಲ್ಪವು ಉಪಕಾರಿ, ಇನ್ನೊಂದರಲ್ಲಿ ಲೆಕ್ಕಕ್ಕಿಂತ ಹೆಚ್ಚು ಅಪಕಾರಿ.

ಉಪಕಾರದ ಪಕ್ಷವನ್ನು ಹಿಡಿದು ಚಿಕಿತ್ಸೆ ನಡೆಸುವವರೂ ಇದ್ದಾರೆ. ಆಸ್ಟ್ರಿಯದ ಬಾಡ್ ಗಾಸ್ಟೈನಿನಲ್ಲಿ ರೇಡಾನ್ ತುಂಬಿದ ಸುರಂಗದೊಳಗೆ ಸಂಧಿವಾತದ ರೋಗಿಗಳನ್ನು ಮಲಗಿಸುತ್ತಾರೆ. ಜರ್ಮನಿಯಲ್ಲಿ ಹಿಮ್ಮಡಿನೋವಿಗೂ ಕೀಲುನೋವಿಗೂ ಒಂದು ಬಾರಿಗೆ ಅರ್ಧದಿಂದ ಒಂದು ಗ್ರೇವರೆಗೆ ಎಕ್ಸ್-ಕಿರಣ ಕೊಡುವ ಪದ್ಧತಿ ಇಂದಿಗೂ ರೂಢಿಯಲ್ಲಿದೆ. ಈ ಪ್ರಮಾಣದಲ್ಲಿ ಕೆರಳಿದ ಮ್ಯಾಕ್ರೋಫೇಜುಗಳು ಉರಿಯೂತವನ್ನು ಹೆಚ್ಚಿಸುವ ದ್ರವ್ಯಗಳನ್ನು ಸ್ರವಿಸುವುದು ಕಡಿಮೆಯಾಗುವುದೆಂದೂ, ಬಿಳಿಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳುವುದು ತಗ್ಗುವುದೆಂದೂ ಕಂಡಿದ್ದಾರೆ. ಪ್ರತಿಜೀವಕಗಳು ಬರುವುದಕ್ಕೆ ಮುಂಚೆ ನ್ಯುಮೋನಿಯಕ್ಕೂ ಎಕ್ಸ್-ರೇ ಚಿಕಿತ್ಸೆ ಕೊಡುತ್ತಿದ್ದುದುಂಟು. 2020ರ ಕೋವಿಡ್ ಕಾಲದಲ್ಲಿ ಆ ಹಳೆಯ ನೆನಪನ್ನೆತ್ತಿ ನಮ್ಮ ದೇಶವೂ ಸೇರಿದಂತೆ ಕೆಲವೆಡೆ ಪರೀಕ್ಷಿಸಿ ನೋಡಿದರು. ಇದರಲ್ಲಿ ಓದುಗರು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ವೈದ್ಯರು ಇದನ್ನು ಅಲ್ಪಮಾತ್ರೆಯ ಚಿಕಿತ್ಸೆ ಎಂದು ಕರೆಯುವುದು ಕ್ಯಾನ್ಸರಿಗೆ ಕೊಡುವ ಮಾತ್ರೆಗೆ ಹೋಲಿಸಿ. ನಾವು ಮೇಲೆ ಹೇಳಿದ ನೂರು ಮಿಲಿಗ್ರೇಯ ಗೆರೆಗೆ ಅದು ಐದು ಪಟ್ಟು, ಹತ್ತು ಪಟ್ಟು, ಅದೂ ದೇಹದ ಒಂದು ಭಾಗಕ್ಕೆ ಮಾತ್ರ. ನೋವುಳ್ಳ ಹಿಮ್ಮಡಿಗೆ ಹಿತವಾದದ್ದನ್ನು ಸ್ವಸ್ಥ ಮನುಷ್ಯನ ಸರ್ವಾಂಗಕ್ಕೂ ಹಿತವೆಂದು ಸಾಧಿಸುವ ಲೇಖನಗಳನ್ನು ನಾನು ನಂಬಲಾರೆ.

ಮನುಷ್ಯಸಮೂಹಗಳಿಂದ ದೊರೆತ ಸಾಕ್ಷ್ಯವೇನೆಂದರೆ, ಹಿರೋಶಿಮಾ ನಾಗಸಾಕಿಗಳಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಪರೀಕ್ಷಿಸುತ್ತ ಬಂದ ವೈದ್ಯರು, ಹೆಚ್ಚು ವಿಕಿರಣ ತಗಲಿದವರ ರಕ್ತದಲ್ಲಿ ಹೊಸ ರೋಗಾಣುವನ್ನು ಎದುರಿಸಲು ಸಿದ್ಧವಾಗಿರುವ ಎಳೆಯ ಟಿ ಕಣಗಳು ಕಡಿಮೆಯಿರುವುದನ್ನೂ, ಸಿ.ಆರ್.ಪಿ. ಮೊದಲಾದ ಉರಿಯೂತದ ಸೂಚಕಗಳು ಸದಾ ಕೊಂಚ ಏರಿಯೇ ಇರುವುದನ್ನೂ ಕಂಡರು. ಮುಪ್ಪಿನಲ್ಲಿ ಎಲ್ಲರ ನಿರೋಧಶಕ್ತಿಗೂ ಬರುವ ಮಾರ್ಪಾಟು ಇವರಿಗೆ ಕೆಲವು ವರ್ಷ ಮೊದಲೇ ಬಂದಿತ್ತು. ಆದರೆ ಅದು ಕ್ಷಣಾರ್ಧದಲ್ಲಿ ಬಡಿದ ವಿಕಿರಣ. ಬದುಕಿನುದ್ದಕ್ಕೂ ತೊಟ್ಟಿಕ್ಕುವುದರ ಪರಿಣಾಮವನ್ನು ತಿಳಿಯಲು ನೆರೆಯ ಕೇರಳಕ್ಕೆ ಹೋಗಬೇಕು. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಕಡಲದಂಡೆಯಲ್ಲಿ ಥೋರಿಯಂ ಬೆರೆತ ಮೊನಾಜೈಟ್ ಮರಳಿನ ಮೇಲೆಯೇ ಜನ ಮನೆ ಕಟ್ಟಿಕೊಂಡಿದ್ದು, ಕೆಲವು ಸ್ಥಳಗಳಲ್ಲಿ ವಿಕಿರಣ ವರ್ಷಕ್ಕೆ 70 ಮಿಲಿಗ್ರೇಯವರೆಗೂ ಇದೆ. ಸುಮಾರು ಎಪ್ಪತ್ತು ಸಾವಿರ ನಿವಾಸಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರು ಹೆಚ್ಚಿದುದು ಕಾಣಬರಲಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಆ ತೀರದ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದ ಲಿಂಫೋಸೈಟುಗಳನ್ನು ಪರೀಕ್ಷಿಸಿದಾಗ ವರ್ಣತಂತುಗಳ ದೋಷವೂ ಬೇರೆಡೆಯ ಶಿಶುಗಳಿಗಿಂತ ಗಣನೀಯವಾಗಿ ಮಿಗಿಲಾಗಿರಲಿಲ್ಲ. ಅದುವರೆಗೆ ದೊರೆತಿದ್ದ ಸಾಕ್ಷ್ಯಗಳನ್ನು ತೂಗಿ ನೋಡಿದ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ, ತನ್ನ 2006ರ ವರದಿಯ ಒಂದು ಪ್ರಕರಣವನ್ನು ಈ ವಿಷಯಕ್ಕೆಂದೇ ಮೀಸಲಿಟ್ಟು, ಮಹಾಮಾತ್ರೆಯ ವಿಕಿರಣ ನಿರೋಧಶಕ್ತಿಯನ್ನು ಕುಗ್ಗಿಸುವುದು ನಿಶ್ಚಯವೆಂದೂ, ಅಲ್ಪಮಾತ್ರೆಯಲ್ಲಿ ಅದು ಕುಗ್ಗಿಸುವುದೂ ಉಂಟು ಹೆಚ್ಚಿಸುವುದೂ ಉಂಟೆಂದೂ ಹೇಳಿತು. ಅಧಿಕಾರಿಗಳ ವರದಿಯಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಅಪರೂಪ.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಯ ಆಸುಪಾಸಿನಲ್ಲಿ ಹುಟ್ಟಿ ಈ ನೆಲದ ಮೇಲೆ ಹರಿದ ಕಾಲದಲ್ಲಿ ಜನ ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ಕುಡಿದರು. ಈಗ ನಾಲ್ಕು ತಾಲ್ಲೂಕುಗಳಲ್ಲಿಯೂ ಅಂತರ್ಜಲವನ್ನು ಮಿತಿಮೀರಿ ಎತ್ತಿಯಾಗಿದೆ. ಬೋರ್ ಕೊರೆಸುವ ಲಾರಿ ಸಾವಿರ ಅಡಿಯನ್ನು ದಾಟಿ ಬಂಡೆಯ ಬಿರುಕಿನಲ್ಲಿ ಕೋಟ್ಯಂತರ ವರ್ಷ ಅಡಗಿದ್ದ ಲೋಹಗಳ ನೆರೆಗೆ ನೀರನ್ನೂ ನಮ್ಮನ್ನೂ ಒಯ್ದಿದೆ. ಆಮ್ಲಜನಕವೂ ಬೈಕಾರ್ಬೊನೇಟೂ ಇರುವ ನೀರು ಬಂಡೆಯ ಯುರೇನಿಯಮ್ಮನ್ನು ಕರಗಿಸಿಕೊಳ್ಳುತ್ತದೆ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರು ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ಅನ್ನು ಮೀರಿತ್ತು. ಸುದ್ದಿ ಕೇಳಿ ಬೆಚ್ಚಿದವರಿಗಾಗಿ ಒಂದು ಲೆಕ್ಕ: ಆ ಮಿತಿಯಷ್ಟು ಯುರೇನಿಯಂ ಇರುವ ನೀರನ್ನು ದಿನಕ್ಕೆರಡು ಲೀಟರಿನಂತೆ ವರ್ಷವಿಡೀ ಕುಡಿದರೂ ಅದರಿಂದ ಬರುವ ವಿಕಿರಣ 0.03 ಮಿಲಿಸೀವರ್ಟಿನಷ್ಟು, ಅಂದರೆ ಪ್ರಕೃತಿ ಹೇಗೂ ಕೊಡುವುದರಲ್ಲಿ ನೂರಕ್ಕೆ ಒಂದು ಪಾಲು. ಬಿಳಿಕಣಕ್ಕೆ ಇದರ ಗೊಡವೆಯೇ ಇರದು. ಯುರೇನಿಯಂ ಭಾರಲೋಹವಾಗಿ ಮೂತ್ರಪಿಂಡವನ್ನು ಕಾಡುತ್ತದೆ, ಮಿತಿಯನ್ನು ಹಾಕಿರುವುದೂ ಆ ಕಾರಣಕ್ಕೇ. ಊರೂರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಆರ್.ಓ. ನೀರಿನಲ್ಲಿ ಅದು ಬಹುಪಾಲು ಉಳಿಯುವುದಿಲ್ಲ. ಉಳಿಯದ್ದು ಘಟಕದ ಹಿಂದಿನ ಚರಂಡಿಗೆ ಇನ್ನಷ್ಟು ಸಾಂದ್ರವಾಗಿ ಹೋಗುತ್ತದೆ, ಅದು ಬೇರೆಯ ಕಥೆ.

ರೇಡಾನಿನ ಮಾತು ಹಾಗಲ್ಲ. ಯುರೇನಿಯಂ ಸಂತತಿಯ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, 3.8 ದಿನಗಳಲ್ಲಿ ಅರ್ಧಕ್ಕೆ ಇಳಿಯುವ ಇದು ಬಂಡೆಯ ಬಿರುಕಿನಿಂದ ನೀರಿಗೂ ನೆಲದ ಸಂದಿನಿಂದ ಮನೆಗೂ ನುಸುಳುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಂಗಳೂರಿನ ಸುತ್ತಣ ಕೆಲವು ಕೊಳವೆಬಾವಿಗಳ ನೀರಿನಲ್ಲಿ ರೇಡಾನು ಲೀಟರಿಗೆ ಸಾವಿರ ಬೆಕೆರೆಲ್ಲನ್ನೂ ದಾಟಿತ್ತು. ಅಂಥ ನೀರನ್ನು ಮನೆಯೊಳಗೆ ಬಳಸಿದರೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲೊಂದು ಪಾಲು ಗಾಳಿಯಲ್ಲಿ ನೆಲಸುವುದೆಂದು ಗಣಿಸುತ್ತಾರೆ. ಸಾವಿರ ಬೆಕೆರೆಲ್ಲಿನ ನೀರು ಮನೆಯ ಗಾಳಿಗೆ ಘನಮೀಟರಿಗೆ ನೂರು ಬೆಕೆರೆಲ್ಲನ್ನು ಸೇರಿಸುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಸೂಚಿಸಿರುವ ಮಟ್ಟವೂ ಅಷ್ಟೇ. ನೀರನ್ನು ತೆರೆದ ತೊಟ್ಟಿಯಲ್ಲೋ ಓವರ್‌ಹೆಡ್ ಟ್ಯಾಂಕಿನಲ್ಲೋ ಕೆಲಕಾಲ ತಂಗಿಸಿದರೆ, ಕಾಯಿಸಿದರೆ, ಅನಿಲ ಬಹುಪಾಲು ಹಾರಿಹೋಗುತ್ತದೆ. ಗವಾಕ್ಷಿಯಿದ್ದ ಹಳೆಯ ಚಪ್ಪಡಿ ಮನೆಗಳಲ್ಲಿ ಗಾಳಿ ಆಡುತ್ತಿತ್ತು. ಕಿಟಕಿ ತೆರೆಯದೆ ಹವಾನಿಯಂತ್ರಣ ಯಂತ್ರ ಓಡಿಸುವ ಹೊಸ ಬಡಾವಣೆಗಳ ಮನೆಗಳಿಗೆ ಆ ಅನುಕೂಲವಿಲ್ಲ. ಉಸಿರಿನೊಡನೆ ಒಳಹೊಕ್ಕ ರೇಡಾನಿನ ಸಂತತಿಯಾದ ಪೊಲೋನಿಯಂ ಮೊದಲಾದವು ಧೂಳಿನೊಡನೆ ಶ್ವಾಸನಾಳದ ಒಳಪದರಕ್ಕೆ ಅಂಟಿ ಅಲ್ಲಿ ಆಲ್ಫಾ ಕಣಗಳನ್ನು ಚಿಮ್ಮುತ್ತವೆ. ಧೂಳನ್ನು ನುಂಗಿ ಹೊರಹಾಕುವ ಶ್ವಾಸಕೋಶದ ಮ್ಯಾಕ್ರೋಫೇಜುಗಳೇ ಆಗ ಕಿರಣದ ಮೂಲವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವಂತಾಗುತ್ತದೆ. ಈ ಮ್ಯಾಕ್ರೋಫೇಜುಗಳು ಕೆರಳಿ ನೆರೆಯ ಕೋಶಗಳಿಗೆ ಕಳುಹಿಸುವ ಸಂದೇಶಗಳು ಎಷ್ಟು ದೂರ ಹೋಗುತ್ತವೆ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅವುಗಳ ಪಾತ್ರವೇನು ಎಂಬುದನ್ನೇ ಈಗ ಅನೇಕ ಪ್ರಯೋಗಶಾಲೆಗಳು ಬೆನ್ನಟ್ಟಿವೆ. ಬೀಡಿ ಸಿಗರೇಟು ಸೇದುವವರಿಗೆ ರೇಡಾನಿನ ಅಪಾಯ ಹಲವು ಪಟ್ಟು ಎಂಬುದಂತೂ ಸಂದೇಹಾತೀತ.

ಹಾಗಾದರೆ ಇಲ್ಲಿನ ಜನರ ರಕ್ತವನ್ನೇ ಪರೀಕ್ಷಿಸಿ ವಿವಾದವನ್ನು ಏಕೆ ಬಗೆಹರಿಸಬಾರದು ಎಂದು ಕೇಳುವವರಿಗೆ ಅಂಕಿಗಳ ಶಾಸ್ತ್ರ ಅಡ್ಡ ನಿಲ್ಲುತ್ತದೆ. ಸಾವಿರ ಮಿಲಿಸೀವರ್ಟಿನ ಕ್ಯಾನ್ಸರ್ ಪರಿಣಾಮವನ್ನು ತೋರಿಸಲು ಐನೂರು ಜನ ಸಾಕಾದರೆ, ನೂರು ಮಿಲಿಸೀವರ್ಟಿಗೆ ಐವತ್ತು ಸಾವಿರ ಜನ ಬೇಕು, ಹತ್ತು ಮಿಲಿಸೀವರ್ಟಿಗೆ ಐವತ್ತು ಲಕ್ಷ. 2011ರ ಗಣತಿಯಂತೆ ಈ ನಾಲ್ಕು ತಾಲ್ಲೂಕುಗಳು ಸೇರಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಕಡಿಮೆ. ಬಿಳಿಕಣಗಳ ಏರಿಳಿತಕ್ಕಾದರೋ ಇನ್ನೂ ತೊಡಕು ಹೆಚ್ಚು: ನೆಗಡಿ, ನಿದ್ರೆಗೇಡು, ಜಂತುಹುಳು, ಗರ್ಭ, ವಯಸ್ಸು, ಹೊಗೆ, ಎಲ್ಲವೂ ಅವುಗಳನ್ನು ದಿನದಿನಕ್ಕೆ ಬದಲಿಸುತ್ತಿದ್ದು, ಆ ಗದ್ದಲದ ನಡುವೆ ಬಂಡೆಯ ಒಂದೆರಡು ಮಿಲಿಸೀವರ್ಟಿನ ದನಿಯನ್ನು ಬೇರ್ಪಡಿಸುವುದು ಕಷ್ಟ. ಮೂತ್ರಪಿಂಡದ ಪ್ರಶ್ನೆಯಾದರೆ ಅಷ್ಟು ದೊಡ್ಡ ಜನಸ್ತೋಮವನ್ನು ಬೇಡದು. ನಮ್ಮಂತೆಯೇ ಪ್ರಾಚೀನವಾದ ತಳಶಿಲೆಯುಳ್ಳ ಫಿನ್ಲೆಂಡಿನಲ್ಲಿ ಬಂಡೆ ಕೊರೆದ ಬಾವಿಗಳ ಯುರೇನಿಯಂ ನೀರು ಕುಡಿಯುವ 325 ಜನರನ್ನು ಪರೀಕ್ಷಿಸಿ, ಅವರ ಮೂತ್ರಪಿಂಡದ ಸೂಕ್ಷ್ಮನಾಳಗಳ ಕೆಲಸದಲ್ಲಿ ಸಣ್ಣ ವ್ಯತ್ಯಾಸವಿರುವುದನ್ನು 2002ರಲ್ಲಿಯೇ ವರದಿ ಮಾಡಿದರು. ದೇವನಹಳ್ಳಿ ಅಥವಾ ಹೊಸಕೋಟೆಯ ಒಂದು ಹೋಬಳಿಯಲ್ಲಿ ಅದಕ್ಕಿಂತ ಹೆಚ್ಚು ಜನ ಬೋರ್‌ವೆಲ್ಲಿನ ನೀರು ಕುಡಿಯುತ್ತಾರೆ.